ನನ್ನೆದುರು ಸೋಲುತ್ತಿದ್ದ ಕಂಪ್ಯೂಟರ್

ಮನುಷ್ಯನಿಗೆ ದಿನಕ್ಕೊಮ್ಮೆಯಾದರೂ ಯಾರನ್ನಾದರೂ ಗೆಲ್ಲಬೇಕು ಅನ್ನಿಸುತ್ತದೆ. ನಾನು ಸಿಂಧನೂರಿನ ಅಕ್ಕಿ ಗಿರಣಿಯೊಂದರ ಗುಮಾಸ್ತ. ಗಿರಣಿಯಲ್ಲಿ ಸಾಹುಕಾರರು ಗೆಲ್ಲುತ್ತಾರೆ, ಬಸ್ಸಿನಲ್ಲಿ ಕಂಡಕ್ಟರು, ಮನೆಯಲ್ಲಿ ಮಗಳು ಸುನೀತಾ. ನನ್ನ ಪಾಲಿಗೆ ಉಳಿದಿದ್ದದ್ದು ಮನೆಯ ಹಳೇ ಕಂಪ್ಯೂಟರ್ ಒಂದೇ. ಸಂಜೆ ಚಹಾದ ಲೋಟ ಹಿಡಿದು ಅದರೊಂದಿಗೆ ಚದುರಂಗಕ್ಕೆ ಕೂರುತ್ತಿದ್ದೆ. ಪಾಪ, ಅದಕ್ಕಿದ್ದ ಬುದ್ಧಿ ಅಷ್ಟಕ್ಕಷ್ಟೇ. ಪ್ರತಿ ನಡೆಗೂ ಗರಗರ ಸದ್ದು ಮಾಡಿ ಯೋಚಿಸಿ, ಕೊನೆಗೆ ತನ್ನ ಮಂತ್ರಿಯನ್ನೇ ತಂದು ನನ್ನ ಬಾಯಿಗಿಡುತ್ತಿತ್ತು. ಆ ಸಂಜೆಗಳನ್ನು ನೆನೆದರೆ ಈಗಲೂ ಹೊಟ್ಟೆ ತುಂಬುತ್ತದೆ.

ಸುನೀತಾ ಹೊಸದನ್ನು ತಂದಳು. ಅದು ಕನ್ನಡ ಮಾತಾಡುತ್ತದೆ, ಕೇಳದಿದ್ದರೂ ಸಲಹೆ ಕೊಡುತ್ತದೆ. ಹಳೆಯದು ಗುಜರಿಗೆ ಎಂದು ತೀರ್ಪಾಯಿತು. ನನಗೆ ಮಾತಾಡುವ ಧೈರ್ಯವಿಲ್ಲ. ಪುಣ್ಯಕ್ಕೆ ಮುಕ್ಕುಂದದಿಂದ ನಮ್ಮ ಅಕ್ಕ ಬಂದಿದ್ದಳು.

"ಇಷ್ಟು ದಿನ ದುಡಿಸ್ಕೊಂಡು, ಮುಪ್ಪಾತಂದ್ರ ಹೊರಗ ಹಾಕ್ತೀರೇನು?" ಎಂದಳು.

"ಅತ್ತಿ, ಅದಕ್ಕೇನು ಜೀವ ಐತೇನು?"

"ಹೊಸದಕ್ಕ ಐತೇನು?"

"ಅದಿನ್ನೂ ತೀರ್ಮಾನ ಆಗಿಲ್ಲ. ದೊಡ್ಡ ದೊಡ್ಡವ್ರು ಜಗಳ ಆಡಾಕತ್ತಾರ."

"ಮತ್ತ ತೀರ್ಮಾನ ಆಗೋದ್ರೊಳಗ ಇಷ್ಟ್ಯಾಕ ಅವಸರ ಮಾಡಿ ಮನಿಗೆ ತಂದಿ?"

ಮನೆಯಲ್ಲಿ ಸುನೀತಾ ಸೋತದ್ದು ಅದೇ ಮೊದಲು. ನಾನು ಒಳಗೊಳಗೇ ಹಿಗ್ಗಿದೆ. ಆದರೆ ಗುಜರಿಯವನು ವಾದ ಕೇಳುವವನಲ್ಲ, ಬಂದು ಹೊತ್ತೇಬಿಟ್ಟ. ಆಗ ಅಕ್ಕ ಅಡ್ಡ ಬಂದು ಮೌಸನ್ನು ಕಿತ್ತುಕೊಂಡಳು. "ಎತ್ತು ಕೊಟ್ಟಾಗ ಹಗ್ಗ ನಾವು ಇಟ್ಕೋಬೇಕಪಾ. ಇಲ್ಲಂದ್ರ ಮನಿ ಲಕ್ಷ್ಮಿ ಅದ್ರ ಹಿಂದ ಹೋಗ್ತಾಳ," ಎನ್ನುತ್ತ ಅದನ್ನು ಬಾಲದ ಸಮೇತ ಗೂಟಕ್ಕೆ ತೂಗುಹಾಕಿ ಕೈಮುಗಿದಳು. ನಗಬೇಕೆಂದುಕೊಂಡವನು ನಾನೂ ಕೈಮುಗಿದೆ.

ಮರುದಿನ ಸಂಜೆ ಹೊಸದರ ಎದುರು ಕೂತೆ. ಚಹಾಕ್ಕೆ ತುಟಿ ಹಚ್ಚುವುದರೊಳಗೆ ನನ್ನ ರಾಜ ಸಿಕ್ಕಿಬಿದ್ದಿದ್ದ. ಮತ್ತೊಂದು ಆಟ ಆಡಿದೆ, ಅದೇ ಗತಿ. ಕೊನೆಗೆ ಸುನೀತಾ ಅಡುಗೆಮನೆಯಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು, "ಒಂದಾಟ ಸೋಲ್ತೀಯೇನಪಾ?" ಎಂದು ಮೆಲ್ಲಗೆ ಕೇಳಿದೆ. ಸೋತಿತು. ಸೋತು, "ತುಂಬಾ ಚೆನ್ನಾಗಿ ಆಡಿದಿರಿ ಸರ್" ಎಂದು ಹೊಗಳಿತು. ಹಳೆಯದು ಒಂದು ದಿನವೂ ನನ್ನನ್ನು ಹೊಗಳಿರಲಿಲ್ಲ, ಆದರೆ ನಿಜವಾಗಿ ಸೋಲುತ್ತಿತ್ತು. ಅದನ್ನು ನೆನೆದು ಕಣ್ಣು ತುಂಬಿಬಂತು. ಇಂಥ ದಾನದ ಗೆಲುವು ಯಾರಿಗೆ ಬೇಕು ಎಂದು ನಾಚಿಕೆಯೂ ಆಯಿತು.

ಇನ್ನೊಂದು ಆಟ ಹೂಡಿದೆ. ಅದನ್ನೂ ಗೆದ್ದೆ.