ಬಂಗುಡೆ ಬಿಟ್ಟ ಭಾವ

ಯುರೋಪಿನ ಒಂದು ದೊಡ್ಡ ಫುಟ್ಬಾಲ್ ಕ್ಲಬ್ಬಿನ ಆಡಳಿತ ಮಂಡಳಿ ಈ ಭೂಮಿಯ ಮೇಲೆ ಯಾರಿಗಾದರೂ ಹೆದರಬೇಕು ಎಂದಿದ್ದರೆ ಅದು ಕಾಪುವಿನಲ್ಲಿರುವ ನಮ್ಮ ಭಾವನಿಗೆ. ಪಾಪ, ಅವರಿಗೆ ಗೊತ್ತಿಲ್ಲ. ಗೊತ್ತಿದ್ದರೆ ಇಷ್ಟು ಹೊತ್ತಿಗೆ ತಪ್ಪಾಯಿತು ಎಂದು ಒಪ್ಪಿಕೊಂಡು ಸುಮ್ಮನಾಗುತ್ತಿದ್ದರು!

ಭಾವ ಎಂದರೆ ನನ್ನ ಗಂಡನ ಅಣ್ಣ. ಜೀವಮಾನದಲ್ಲಿ ಫುಟ್ಬಾಲಿಗೆ ಕಾಲು ತಾಗಿಸಿದವರಲ್ಲ. ಒಮ್ಮೆ ಪಕ್ಕದ ಮನೆಯ ಮಕ್ಕಳ ಚೆಂಡು ಅಂಗಳಕ್ಕೆ ಬಂದಾಗ ಒದ್ದು ನೋಡಿದ್ದುಂಟು. ಚೆಂಡು ಇದ್ದಲ್ಲೇ ಇತ್ತು, ಹವಾಯಿ ಚಪ್ಪಲಿ ಬಾವಿಗೆ ಬಿತ್ತು. ಅವರದ್ದು ಸಮುದ್ರದ ಕಸುಬು. ಮಲ್ಪೆಯಲ್ಲಿ ನಿಲ್ಲುವ ಮನೆಯ ಬೋಟಿಗೆ ಅವರೇ ತಾಂಡೇಲ, ಎಂದರೆ ಚುಕ್ಕಾಣಿ ಹಿಡಿದು ಬೋಟು ನಡೆಸುವವರು. ಕಳೆದ ದೀಪಾವಳಿ ಕಳೆದ ಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡರು. "ಸ್ವಲ್ಪ ಸಮಯ ಸಮುದ್ರ ಬೇಡ" ಎಂದರು ಡಾಕ್ಟರು. ಬೋಟಿನ ವ್ಯವಹಾರ ನೋಡಿಕೊಳ್ಳುವ ಮಗ ಬೇರೊಬ್ಬ ತಾಂಡೇಲನನ್ನು ಗೊತ್ತು ಮಾಡಿದ. ಆ 'ಸ್ವಲ್ಪ ಸಮಯ' ಮುಗಿದು ತಿಂಗಳುಗಳಾದರೂ ಮಗ "ಬನ್ನಿ" ಎನ್ನಲಿಲ್ಲ, ಭಾವ "ಬರಲಾ" ಎನ್ನಲಿಲ್ಲ. ಮಗ ಕೆಟ್ಟವನಲ್ಲ. ಅಪ್ಪನಿಗೆ ಒಳ್ಳೆಯ ವಿಶ್ರಾಂತಿ ಕೊಟ್ಟಿದ್ದೇನೆ ಎಂದೇ ಅವನ ಎಣಿಕೆ.

ವಿಶ್ರಾಂತಿಯಲ್ಲಿರುವ ತಾಂಡೇಲ ಏನು ಮಾಡಬೇಕು? ಟಿವಿ ನೋಡಬೇಕು. ಅಕ್ಕ, ಎಂದರೆ ಭಾವನ ಹೆಂಡತಿ, ಧಾರಾವಾಹಿ ಹಾಕಿದರೆ ಭಾವನ ತಕರಾರು: "ಇವರ ಅಳು ನೋಡಿ ನನಗೂ ನೀರು ಬಂದರೆ ಆಪರೇಶನ್ ಹಾಳು!" ಹಾಗೆ ರಿಮೋಟ್ ಕೈಬದಲಾಯಿತು, ಫುಟ್ಬಾಲ್ ಮನೆಯೊಳಗೆ ಬಂತು, ಫುಟ್ಬಾಲಿನ ಹಿಂದೆಯೇ ಹತ್ತು ನಂಬರಿನ ಆ ಆಟಗಾರನೂ ಬಂದ. ಒಂದು ತಿಂಗಳಲ್ಲಿ ಅವನು "ನಮ್ಮ ಹುಡುಗ" ಆದ. ಉಡುಪಿಯ ಫುಟ್‌ಪಾತಿನಲ್ಲಿ ಅವನ ಹತ್ತು ನಂಬರಿನ ಬನಿಯನ್ನೂ ಸಿಕ್ಕಿತು. ಅದರ ಕೆಳಗೆ ಬಿಳಿ ಪಂಚೆ ಉಟ್ಟು ಭಾವ ಹಾಲಿನ ಡೈರಿಗೆ ಹೊರಟರೆ ನಾಯಿಗಳು ಕೂಡ ಬೊಗಳುವುದನ್ನು ನಿಲ್ಲಿಸಿ ನೋಡುತ್ತಿದ್ದವು. ಬನ್ನಂಜೆಯ ನಮ್ಮ ಮನೆಯಲ್ಲಿ ಹಾಲು ಉಕ್ಕುವುದಕ್ಕಿಂತ ಮೊದಲು ಭಾವನ ಫೋನು: "ನಮ್ಮ ಹುಡುಗ ಎರಡು ಹೊಡೆದ, ಗೊತ್ತುಂಟಾ?" ನನಗೆ ಎಲ್ಲಿಂದ ಗೊತ್ತಿರಬೇಕು? ಆದರೂ "ಹೌದಾ ಭಾವ!" ಎನ್ನುತ್ತಿದ್ದೆ. ಆ ಸಂತೋಷಕ್ಕೆ ಅಷ್ಟಾದರೂ ಮರ್ಯಾದೆ ಕೊಡಬೇಡವೇ?

ಹೀಗಿರುವಾಗ ಈ ಮಳೆಗಾಲದಲ್ಲಿ ಸಿಡಿಲು ಬಡಿಯಿತು. ಹುಡುಗನಿಗೂ ಮ್ಯಾನೇಜ್‌ಮೆಂಟಿಗೂ ಜಗಳ! "ಇಷ್ಟು ವರ್ಷ ದುಡಿದ ನನ್ನನ್ನು ಮೂಲೆಗೆ ತಳ್ಳಿದ್ದಾರೆ" ಎಂದು ಅವನು ಟಿವಿಯವರ ಎದುರು ಹೇಳಿಬಿಟ್ಟ. ಹೊಸ ಸೀಸನ್ನಿನ ಮೊದಲ ಅಭ್ಯಾಸ ಪಂದ್ಯದಲ್ಲಿ ಕೋಚು ಅವನನ್ನು ಬೆಂಚಿನಲ್ಲಿ ಕೂರಿಸಿದ. ಭಾವ ಎದ್ದು ನಿಂತು ಘೋಷಿಸಿದರು: "ಅವನನ್ನು ಆಡಿಸುವವರೆಗೆ ನಾನು ಬಂಗುಡೆ ಮುಟ್ಟುವುದಿಲ್ಲ, ಬೇರೆ ಯಾವ ಮೀನೂ ಬೇಡ!"

ಕಾಪುವಿನ ಕಡಲ ಬದಿಯಲ್ಲಿ ಹುಟ್ಟಿದ ಮನುಷ್ಯ ಬಂಗುಡೆ ಬಿಡುವುದೆಂದರೆ ಉಸಿರು ಅರ್ಧ ಬಿಟ್ಟ ಹಾಗೆ. ಅಕ್ಕ ಮಾತ್ರ ತಣ್ಣಗೆ ಹೇಳಿದರು, "ಒಳ್ಳೆಯದಾಯಿತು. ಈ ಮಳೆಯಲ್ಲಿ ಬಂಗುಡೆಯ ಕ್ರಯಕ್ಕೆ ಕೈ ಹಾಕಲಿಕ್ಕುಂಟಾ? ನೀವು ತಿನ್ನದಿದ್ದರೆ ಆ ಕೋಚಿಗೆ ಎಂತ ಹೊಟ್ಟೆನೋವಾ?" ತುಳುವಿನಲ್ಲಿ ಹೇಳಿದ ಈ ಮಾತನ್ನು ಕನ್ನಡಕ್ಕೆ ತರುವಾಗ ಅರ್ಧ ಖಾರ ದಾರಿಯಲ್ಲೇ ಚೆಲ್ಲಿಹೋಯಿತು, ಕ್ಷಮಿಸಿ.

ಮರುದಿನ ನಾನು ಕಾಪುವಿಗೆ ಹೋಗಿ ಮಧ್ಯಾಹ್ನ ಊಟಕ್ಕೆ ಕೂತರೆ ಭಾವನ ಬಟ್ಟಲಿನಲ್ಲಿ ಒಣಸಿಗಡಿ ಚಟ್ನಿ! ನಾನು ಸುಮ್ಮನಿರಬೇಕಿತ್ತು. "ಇದು ಮೀನಲ್ಲವಾ ಭಾವ?" ಎಂದೆ.

"ಇದು ಚಟ್ನಿ" ಎಂದರು ಭಾವ. ವಿಚಾರಣೆ ಅಲ್ಲಿಗೆ ಮುಗಿಯಿತು.

ಅದೇ ವಾರ ಕಾರ್ಕಳದಿಂದ ಅಕ್ಕನ ತಮ್ಮ ಬಂದಿದ್ದರು. ಅವರದ್ದು ಹಾರ್ಡ್‌ವೇರ್ ಅಂಗಡಿ, ಹಾಗಾಗಿ ಹುಟ್ಟಾ ಮ್ಯಾನೇಜ್‌ಮೆಂಟ್ ಪಕ್ಷ.

"ಎಷ್ಟು ದೊಡ್ಡ ಆಟಗಾರ ಆದರೇನು ಭಾವ, ತಂಡಕ್ಕಿಂತ ದೊಡ್ಡವನಾ? ನನ್ನ ಅಂಗಡಿಯ ಹುಡುಗರು ಯಾರಾದರೂ ಟಿವಿಯಲ್ಲಿ ಹೀಗೆ ಮಾತಾಡಿದರೆ ಮರುದಿನವೇ ಮನೆಗೆ."

"ನಿನ್ನ ಅಂಗಡಿಗೆ ಗಿರಾಕಿಯೇ ಬರುವುದಿಲ್ಲ, ಇನ್ನು ಟಿವಿಯವರು ಬರ್ತಾರಾ ಮಾರಾಯ?"

"ಅದಲ್ಲ, ಅವನಿಗೂ ಪ್ರಾಯ ಆಯಿತಲ್ಲ?"

ಭಾವ ಚಹಾದ ಲೋಟ ಕೆಳಗಿಟ್ಟರು. "ಪ್ರಾಯ ಆದದ್ದನ್ನು ಅವನ ಹತ್ತಿರ ಕೂತು ಹೇಳಬಹುದಿತ್ತಲ್ಲ. ಹೇಳದೆ ಕೂರಿಸುವುದು ಎಂತ ಕ್ರಮ?"

ಚಹಾ ಎಲ್ಲರಿಗೂ ಒಮ್ಮೆಲೇ ತಣ್ಣಗಾಯಿತು.

ಕಣ್ಣಿನ ತಪಾಸಣೆಗೆ ಮಣಿಪಾಲಕ್ಕೆ ಹೋಗುವಾಗ ಭಾವನ ಜೊತೆಗೆ ಹೋಗುವವಳು ನಾನೇ. ಈ ಸಲ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಗಡಗಡ ಓದಿ ಮುಗಿಸಿದ ಭಾವ, "ನನ್ನದು ಸರಿ ಉಂಟು ಡಾಕ್ಟ್ರೇ. ನೋಡಬೇಕಾದದ್ದು ಆ ಕೋಚಿನ ಕಣ್ಣು!" ಎಂದರು. ಎಳೆಯ ಡಾಕ್ಟರು ನನ್ನ ಮುಖ ನೋಡಿದರು. ತಲೆಯನ್ನೂ ಒಮ್ಮೆ ಪರೀಕ್ಷಿಸಬೇಕೇ ಎಂಬ ಪ್ರಶ್ನೆ ಅವರ ಮುಖದಲ್ಲಿತ್ತು. "ಸಮುದ್ರಕ್ಕೆ ಹೋಗಬಹುದಾ?" ಎಂದು ನಾನೇ ಕೇಳಿದೆ. "ಧಾರಾಳವಾಗಿ" ಎಂದರು.

ಬಸ್ಸಿನಲ್ಲಿ ಹೇಳಿದೆ, "ಡಾಕ್ಟರು ಒಪ್ಪಿದ್ದಾರೆಂದು ಮಗನಿಗೆ ಹೇಳಿ ಭಾವ. ಹೇಗೂ ಮಳೆಗಾಲದ ಮೀನುಗಾರಿಕೆಯ ರಜೆ ಮುಗಿಯುತ್ತಾ ಬಂತು."

ಭಾವ ಕಿಟಕಿಯ ಹೊರಗಿನ ಮಳೆ ನೋಡುತ್ತಿದ್ದರು. "ಆಟಗಾರ ತಾನಾಗಿ ಹೋಗಿ ನನ್ನನ್ನು ಆಡಿಸಿ ಅಂತ ಕೇಳಬಾರದು ಮಾರಾಯ್ತಿ. ಅವರು ಹೆಸರು ಹಿಡಿದು ಕರೀಬೇಕು."

ಯಾವ ಆಟಗಾರ ಎಂದು ನಾನು ಕೇಳಲಿಲ್ಲ.

ಉಡುಪಿಯಲ್ಲಿ ಇಳಿದವರೇ ನೇರ ಫ್ಲೆಕ್ಸ್ ಅಂಗಡಿಗೆ ನಡೆದರು. ನಮ್ಮ ಕಡೆ ಮಗು ಪಾಸಾದರೂ ಫ್ಲೆಕ್ಸ್, ಮುದುಕರು ಹೋದರೂ ಫ್ಲೆಕ್ಸ್. ಅನ್ಯಾಯಕ್ಕೆ ಯಾಕಿರಬಾರದು?

"ಹುಟ್ಟುಹಬ್ಬವಾ ಅಣ್ಣ, ಗೃಹಪ್ರವೇಶವಾ, ಶ್ರದ್ಧಾಂಜಲಿಯಾ?" ಕಂಪ್ಯೂಟರಿನ ಎದುರಿದ್ದವನು ತಲೆಯೆತ್ತದೆ ಕೇಳಿದ.

"ಯಾವುದೂ ಅಲ್ಲ. ಖಂಡನೆ."

"ಖಂಡನೆಗೆ ಡಿಸೈನ್ ಇಲ್ಲ ಅಣ್ಣ. ಅಭಿನಂದನೆಯದ್ದರಲ್ಲೇ ಹಾಕಲಾ? ಬೇಕಾದರೆ ಹೂವು ತೆಗೆದು ಕೊಡ್ತೇನೆ."

ಭಾವ ಹುಡುಗನ ಫೋಟೋ ಕೊಟ್ಟರು, ಕೆಳಗೆ ಹಾಕಲು ತಮ್ಮದನ್ನೂ ಕೊಟ್ಟರು. ಮರುದಿನ ಸಂಜೆ ಫ್ಲೆಕ್ಸ್ ಸುರುಳಿಯಾಗಿ ಕಾಪುವಿಗೆ ಬಂತು, ಮಬ್ಬುಗತ್ತಲಲ್ಲಿ, ಸುರಿಯುವ ಮಳೆಯಲ್ಲಿ, ಪೇಟೆಯ ತಿರುವಿನಲ್ಲಿ ಕಟ್ಟಿಯೂ ಆಯಿತು. ಬೆಳಿಗ್ಗೆ ನೋಡಿದರೆ ಏನು ಹೇಳಲಿ! ಅಂಗಡಿಯವನಿಗೆ ಫುಟ್ಬಾಲ್ ಗೊತ್ತಿಲ್ಲ, ಭಾವನ ಮುಖ ಗೊತ್ತುಂಟು. ಇಂಥ ಫ್ಲೆಕ್ಸುಗಳಲ್ಲಿ ದೊಡ್ಡದಾಗಿ ಇರುವುದು ಊರಿನವರಲ್ಲವೇ? ಆಳೆತ್ತರಕ್ಕೆ ನಮ್ಮ ಭಾವ, ಬನಿಯನ್ನು, ಮೀಸೆ ಸಹಿತ. ತಲೆಯ ಮೇಲೆ ಕೆಂಪಕ್ಷರದಲ್ಲಿ: "ಇವರನ್ನು ಬೆಂಚಿನಲ್ಲಿ ಕೂರಿಸಿದ್ದು ಸಾಕು! ಕೂಡಲೇ ಆಟಕ್ಕೆ ಇಳಿಸಿ!" ಕೆಳಗೆ ಮೂಲೆಯ ಸಣ್ಣ ವೃತ್ತದಲ್ಲಿ, 'ಶುಭ ಕೋರುವವರು' ಎಂಬ ಜಾಗದಲ್ಲಿ, ಜಗತ್ತಿನ ಕೋಟಿಗಟ್ಟಲೆ ಜನ ಆರಾಧಿಸುವ ಆ ಆಟಗಾರ ಭಾವನಿಗೆ ಶುಭ ಕೋರುತ್ತಾ ನಗುತ್ತಿದ್ದ!

ಊರಿಡೀ ಫೋನು. "ಯಾವ ಪಕ್ಷದಿಂದ ನಿಲ್ಲುವುದು?" ಎಂದು ಒಬ್ಬರು. "ಮೂಲೆಯಲ್ಲಿರುವವನು ನಿಮ್ಮ ಹೊಸ ಅಳಿಯನಾ?" ಎಂದು ಇನ್ನೊಬ್ಬರು. ಅಕ್ಕ ಎರಡು ದಿನ ಪೇಟೆಗೆ ಹೋಗಲಿಲ್ಲ. "ಮೊದಲು ಅದನ್ನು ತೆಗೆಸಿ ಮಾರಾಯ್ರೆ!" ಎಂದು ಭಾವನನ್ನು ಪೀಡಿಸಿದರು.

"ಇರಲಿ" ಎಂದರು ಭಾವ, ಕಿವಿ ಕೆಂಪಾಗಿತ್ತು. "ಮಳೆಗೆ ತಾನಾಗಿ ಹರಿದುಹೋಗುತ್ತದೆ."

ಹರಿಯಲಿಲ್ಲ. ಮೂರನೆಯ ದಿನ ಅಕ್ಕ ತರಕಾರಿಗೆ ಹೋಗಿದ್ದಾಗ ಎದುರಿನ ಅಂಗಡಿಯ ಜಗಲಿಯಿಂದ ನೋಡಿದರಂತೆ: ಮಗ ಸ್ಕೂಟರ್ ನಿಲ್ಲಿಸಿ, ರೈನ್‌ಕೋಟಿನಿಂದ ನೀರು ಸುರಿಯುತ್ತಿದ್ದರೂ, ಆ ಫ್ಲೆಕ್ಸಿನ ಎದುರು ನಿಂತೇ ಇದ್ದ. ಓದಿದ. ಮತ್ತೆ ಓದಿದ. ಆಮೇಲೆ ಗಾಳಿಗೆ ಬಿಚ್ಚಿ ಪಟಪಟ ಹೊಡೆಯುತ್ತಿದ್ದ ಒಂದು ಮೂಲೆಯ ಹಗ್ಗವನ್ನು ಎಳೆದು ಬಿಗಿಯಾಗಿ ಕಟ್ಟಿ ಹೋದ.

ರಜೆ ಮುಗಿದು ಬೋಟಿನ ಪೂಜೆಯ ದಿನ ಬಂತು. ಹೊಸ ಬಣ್ಣ ಬಳಿದ ಬೋಟನ್ನು ಆ ದಿನ ಅಳಿವೆಯ ಆಚೆಗೆ ಒಂದು ಸುತ್ತು ಕೊಂಡುಹೋಗಿ ತರುವುದು ಆ ಮನೆಯ ಪದ್ಧತಿ. ಅಳಿವೆ ಎಂದರೆ ಹೊಳೆ ಕಡಲಿಗೆ ಸೇರುವ ಬಾಯಿ, ಮಳೆಗಾಲದ ತೆರೆ ಇನ್ನೂ ಮುನಿಸಿಕೊಂಡೇ ಇರುವ ಜಾಗ. ಮಲ್ಪೆಯ ಧಕ್ಕೆಯಲ್ಲಿ, ಎಂದರೆ ಬೋಟುಗಳು ನಿಲ್ಲುವ ಕಟ್ಟೆಯ ಮೇಲೆ, ನಾವೆಲ್ಲ ನಿಂತಿದ್ದೆವು. ಭಾವ ಅದೇ ಬನಿಯನ್ನು ತೊಟ್ಟು, ಕರೆಸಿಕೊಂಡ ನೆಂಟರ ಹಾಗೆ ಹಿಂದೆ, ಪ್ರಸಾದದ ತಟ್ಟೆ ಹಿಡಿದುಕೊಂಡಿದ್ದರು. ಕಾಯಿ ಒಡೆದಾಯಿತು. ಎಂಜಿನ್ ಗುಡುಗಿತು. ಹೊಸ ತಾಂಡೇಲ ಚುಕ್ಕಾಣಿಗೆ ಕೈ ಹಾಕದೆ ಬದಿಗೆ ಸರಿದು ನಿಂತ.

ಬೋಟಿನಿಂದ ಮಗ ಕೂಗಿದ, ಎಲ್ಲರಿಗೂ ಕೇಳುವ ಹಾಗೆ. "ಅಪ್ಪ! ಅಳಿವೆ ನೀವು ದಾಟಿಸಿ. ಬನ್ನಿ!"

ಭಾವ ಓಡಲಿಲ್ಲ. ತಟ್ಟೆಯನ್ನು ನನ್ನ ಕೈಗಿತ್ತರು. ಪಂಚೆ ಎತ್ತಿ ಕಟ್ಟಿದರು. ಕೈಗಳನ್ನು ಬನಿಯನ್ನಿಗೆ ಒರೆಸಿಕೊಂಡರು. ಹತ್ತು ನಂಬರಿನ ಬೆನ್ನು ನಮಗೆ ತೋರಿಸುತ್ತಾ ಹಲಗೆಯ ಮೇಲೆ ನಡೆದು ಹೋದರು. "ಈ ಡೀಸೆಲ್ ಹೊಗೆ ಒಂದು!" ಎಂದು ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊಗೆ ನನ್ನ ಕಡೆಗೂ ಬಂದಿತ್ತೆಂದು ಕಾಣುತ್ತದೆ.

ಮಧ್ಯಾಹ್ನ ಕಾಪುವಿನಲ್ಲಿ ಊಟ. ಅಕ್ಕ ಕಾವಲಿಯಿಂದ ಆಗಷ್ಟೇ ತೆಗೆದ ಬಂಗುಡೆಯನ್ನು ಭಾವನ ಬಟ್ಟಲಿಗೆ ಹಾಕಿದರು. ಭಾವ ಮುರಿದು ಬಾಯಿಗಿಟ್ಟರು.

ನನ್ನ ನಾಲಗೆಯಾದರೋ ಸುಮ್ಮನಿರುವ ಜಾತಿಯದ್ದಲ್ಲ. "ಭಾವ, ನಿಮ್ಮ ಹುಡುಗ ನಿನ್ನೆಯೂ ಬೆಂಚಿನಲ್ಲೇ ಕೂತಿದ್ದನಂತಲ್ಲ?"

ಭಾವ ತಲೆಯೆತ್ತಲಿಲ್ಲ. ನಿಧಾನಕ್ಕೆ ಮುಳ್ಳು ಬಿಡಿಸುತ್ತಿದ್ದರು.

"ಕರೀತಾರೆ ಮಾರಾಯ್ತಿ" ಎಂದರು. "ಅವನನ್ನೂ ಕರೀತಾರೆ."