ಬೆನ್ನು ಬಗ್ಗಿಸದ ಮಾವ

ನನ್ನ ಮಾವ ಕೈ ಅಡ್ಡ ಹಿಡಿಯದೆ, ಬಾಯಿ ತೆರೆಯದೆ, ಬರೀ ನಿಂತ ಭಂಗಿಯಿಂದಲೇ ಎಕ್ಸ್‌ಪ್ರೆಸ್ ಬಸ್ಸನ್ನು ನಿಲ್ಲಿಸಬಲ್ಲರು! ನೀವು ನಂಬಲಿಕ್ಕಿಲ್ಲ. ಕಣ್ಣಾರೆ ಕಂಡ ನಾನೇ ಪೂರ್ತಿ ನಂಬಿಲ್ಲ.

ಮಾವ ಎಂದರೆ ಅಮ್ಮನ ತಮ್ಮ. ಇನ್ನಂಜೆಯಲ್ಲಿ ನಮ್ಮ ಮನೆಯ ಪಕ್ಕದಲ್ಲೇ ಅವರ ಮನೆ. ಕಾಪುವಿನ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತರು. ಎಲ್ಲರಂತೆ ಸಾಧಾರಣವಾಗಿದ್ದ ಮನುಷ್ಯ. ಸಂಘದವರು ಅವರನ್ನು ಕಾರ್ಕಳದಲ್ಲಿ ನಡೆದ ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಕಳುಹಿಸಿದ್ದೇ ತಪ್ಪಾಯಿತು. ನಿಜವಾಗಿ ಹೋಗಬೇಕಾಗಿದ್ದವರು ಮ್ಯಾನೇಜರು, ಅವರಿಗೆ ಹಲ್ಲುನೋವು. ಹೀಗೆ ಒಬ್ಬರ ಹಲ್ಲುನೋವು ಇನ್ನೊಂದು ಕುಟುಂಬದ ತಲೆನೋವಾಯಿತು! ಎರಡು ದಿನ ಕಳೆದು ಮಾವ ಎದೆಯುಬ್ಬಿಸಿಕೊಂಡು ಮರಳಿದರು. ಆ ಎದೆ ಮತ್ತೆ ಇಳಿಯಲಿಲ್ಲ.

"ಮಾತು ಬಾಯಿಯಿಂದ ಬರುವುದಲ್ಲ ಅಕ್ಕ, ಮೈಯಿಂದ ಬರುವುದು" ಎಂದರು ಅಮ್ಮನಿಗೆ.

"ಹಾಗಾದ್ರೆ ಬಾಯಿ ಮುಚ್ಚಿ ಊಟ ಮಾಡು" ಎಂದಳು ಅಮ್ಮ.

ಬಸ್ಸಿನ ಕಥೆ ಹೇಳುತ್ತಿದ್ದೆ, ಅಲ್ಲವೇ? ಹೆದ್ದಾರಿಯ ನಮ್ಮ ಕ್ರಾಸಿನಲ್ಲಿ ಎಕ್ಸ್‌ಪ್ರೆಸ್ ನಿಲ್ಲುವುದಿಲ್ಲ. ಮಾವ ಸಫಾರಿ ಸೂಟು ತೊಟ್ಟು, ಕಂಕುಳಲ್ಲಿ ಫೈಲು ಇಟ್ಟುಕೊಂಡು, ಗದ್ದ ಎತ್ತಿ ರಸ್ತೆ ಬದಿಯಲ್ಲಿ ನಿಂತರು. "ನೋಡ್ತಾ ಇರು. ನಾವು ಕೇಳಿಕೊಳ್ಳುವವರ ಹಾಗೆ ನಿಲ್ಲಬಾರದು, ನಿಲ್ಲಿಸುವವರ ಹಾಗೆ ನಿಲ್ಲಬೇಕು!" ಬಸ್ಸು ಕಿರ್ರೆಂದು ನಿಂತೇ ಬಿಟ್ಟಿತು! ಕಂಡಕ್ಟರ್ ಓಡೋಡಿ ಇಳಿದು ಬಂದ. "ಸಾರ್, ಪರ್ಮಿಟ್ಟು, ಇನ್ಶೂರೆನ್ಸು ಎಲ್ಲ ಸರಿ ಉಂಟು ಸಾರ್." ಮಾವ ಗಂಭೀರವಾಗಿ ತಲೆಯಾಡಿಸಿ ಬಸ್ಸು ಹತ್ತಿದರು. ಹಿಂದೆ ನಾನು. ಬಸ್ಸು ಹೊರಟ ಮೇಲೆ ಮಾವ ಜೇಬಿಗೆ ಕೈ ಹಾಕಿ, "ಎರಡು ಕಾಪು" ಎಂದರು.

ಕಂಡಕ್ಟರ್ ಅವರನ್ನು ಮೇಲಿಂದ ಕೆಳಗೆ ನೋಡಿದ. "ಕಾಪುವಾ? ಅಷ್ಟು ದೂರ ನಡೀಲಿಕ್ಕೆ ಎಂತ ಧಾಡಿ ಮಾರಾಯ್ರೆ ನಿಮಗೆ?"

ಡೈರಿ ಬರೆಯುವುದು, ಎಲ್ಲದಕ್ಕೂ ಲೆಕ್ಕ ಇಡುವುದು ನನ್ನ ಹಳೆಯ ಚಾಳಿ. ಆ ವರ್ಷದ ಡೈರಿಯ ಕೊನೆಯ ಪುಟದಲ್ಲಿ ಎರಡು ಸಾಲುಗಳಿವೆ. ಮಾವ ನಿಲ್ಲಿಸಿದ ಬಸ್ಸು: ಒಂದು. ನಿಲ್ಲದೆ ಹೋದವು: ಮಳೆಗಾಲ ಶುರುವಾದ ಮೇಲೆ ಬರೆಯುವುದನ್ನು ಬಿಟ್ಟೆ.

ಇಷ್ಟಾದರೂ ಮಾವನ ಕೈಗೆ ನಾನು ಶಿಷ್ಯೆಯಾಗಿ ಸಿಕ್ಕಿಬಿದ್ದೆ. ಆಗಷ್ಟೇ ಮಣಿಪಾಲದ ಒಂದು ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಕಾಯಂ ಅಲ್ಲ, ಪರೀಕ್ಷೆಯ ಅವಧಿ. ನನ್ನ ಸ್ವರವೋ, ಗಾಜಿನ ಕಿಂಡಿಯವರೆಗೆ ಹೋಗಿ ಅಲ್ಲಿಂದ ನನ್ನ ಬಳಿಗೇ ಮರಳಿ ಬರುವಂಥದ್ದು! ಮೇಲ್ವಿಚಾರಕಿ ಮೇಡಂ ಕರೆದು ನೇರವಾಗಿಯೇ ಹೇಳಿದ್ದರು: "ನಿನ್ನ ಕೆಲಸ ಚೊಕ್ಕ ಉಂಟು. ಆದ್ರೆ ನೀನು ಹೇಳಿದ್ದು ಜನಕ್ಕೆ ಕೇಳುದಿಲ್ಲ. ಈ ತಿಂಗಳು ಮುಗಿಯುವುದರೊಳಗೆ ಸರಿಯಾಗದಿದ್ರೆ ನಾನು ಬೇರೆಯವರನ್ನು ನೋಡಬೇಕಾಗ್ತದೆ."

ಆ ಸಂಬಳವನ್ನು ನಂಬಿಕೊಂಡೇ ಅಮ್ಮ ಬೀಡಿ ಕಟ್ಟುವುದನ್ನು ಬಿಟ್ಟಿದ್ದಳು. ನಾನು ಅಳುತ್ತಾ ಮನೆಗೆ ಬಂದೆ. ಮಾವ ಅಂಗಳದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು, "ನಾನಿಲ್ವಾ?" ಎಂದರು. ನನ್ನ ಅಳು ಇನ್ನಷ್ಟು ಜೋರಾಯಿತು.

ಮೊದಲ ಪಾಠ ಸ್ವರದ್ದು. ಗದ್ದೆಯ ಬದುವನ್ನು ನಾವು ಹುಣಿ ಎನ್ನುತ್ತೇವೆ; ಒಂದು ಹುಣಿಯ ಮೇಲೆ ನಾನು, ಆಚೆಯ ಹುಣಿಯ ಮೇಲೆ ಮಾವ. ನಡುವೆ ಹೆಂಗಸರು ಭತ್ತದ ನೇಜಿ ನೆಡುತ್ತಿದ್ದರು. "ಗಂಟಲಿಂದ ಅಲ್ಲ, ಹೊಟ್ಟೆಯಿಂದ!" ಎಂದು ಮಾವ ಕೂಗಿದರು. ನಾನು ಇದ್ದಬದ್ದ ಉಸಿರನ್ನೆಲ್ಲ ಒಟ್ಟು ಮಾಡಿ ಕೂಗಿದೆ: "ನಮಸ್ಕಾರ! ನಿಮಗೆ ಏನಾಗಬೇಕು?"

ನೇಜಿ ನೆಡುತ್ತಿದ್ದ ಹೆಂಗಸೊಬ್ಬಳು ಸೊಂಟ ನೇರ ಮಾಡಿಕೊಂಡು ಎದ್ದಳು. "ನೀನು ಅಷ್ಟು ಕೇಳುವಾಗ ಬೇಡ ಅನ್ಲಿಕ್ಕುಂಟಾ ಮಗಾ? ಒಂದು ಚಾ ಆಗ್ಬೇಕು!" ಅವಳ ಹಿಂದೆ ಇಡೀ ಸಾಲು ಎದ್ದು ನಿಂತಿತು. ಆ ದಿನ ಅಮ್ಮ ಚಹಾ ಕಾಯಿಸುತ್ತಾ ತಮ್ಮನ ಬಗ್ಗೆ ಆಡಿದ ಮಾತುಗಳೂ ಹೊಟ್ಟೆಯಿಂದಲೇ ಬಂದವು.

ಎರಡನೆಯದು ಕಣ್ಣಿನ ಪಾಠ. "ಎದುರಿನವರು ಮಾತಾಡುವಾಗ ಕಣ್ಣಲ್ಲಿ ಕಣ್ಣಿಡಬೇಕು, ಮೆಲ್ಲ ತಲೆಯಾಡಿಸಬೇಕು. ನಿಮ್ಮ ಮಾತು ನನಗೆ ಅರ್ಥ ಆಯ್ತು ಅಂತ ಅವರಿಗೆ ಅನ್ನಿಸಬೇಕು." ಅಭ್ಯಾಸಕ್ಕೆ ಜನ ಬೇಕಲ್ಲ? ಒಂದು ಆದಿತ್ಯವಾರ ಬೆಳಿಗ್ಗೆ ನನ್ನನ್ನು ಮಲ್ಪೆ ಬಂದರಿಗೆ ಕರೆದುಕೊಂಡು ಹೋದರು. ಬಂಗುಡೆ ಮೀನಿನ ಏಲಂ ನಡೆಯುತ್ತಿತ್ತು. ಏಲಂ ಕೂಗುವವನ ಕಣ್ಣಲ್ಲಿ ನಾನು ಕಣ್ಣಿಟ್ಟೆ. ಅವನು ಏನೋ ಕೂಗಿದ, ಮೆಲ್ಲ ತಲೆಯಾಡಿಸಿದೆ. ಎಷ್ಟು ಚೆಂದಕ್ಕೆ ನನ್ನನ್ನೇ ನೋಡಿ ಕೂಗುತ್ತಾನೆ! ಅಷ್ಟರಲ್ಲಿ ಆಚೆ ನಿಂತಿದ್ದ ಮಾವ, 'ಹೀಗಲ್ಲ, ಹೀಗೆ' ಎಂದು ತೋರಿಸಲು ತಾವೂ ತಲೆಯಾಡಿಸಿದರು. ಅವನು ಅವರತ್ತ ತಿರುಗಿ ಇನ್ನೂ ಉತ್ಸಾಹದಿಂದ ಕೂಗಿದ. ಓಹೋ, ಹಾಗೋ ಎಂದುಕೊಂಡು ನಾನು ಮತ್ತೆ ಆಡಿಸಿದೆ. ಮಾವ ಮತ್ತೆ. ಸುತ್ತಲಿದ್ದ ಮೀನುಗಾರ್ತಿಯರು ಮಾತು ನಿಲ್ಲಿಸಿ ನಮ್ಮಿಬ್ಬರನ್ನೇ ನೋಡತೊಡಗಿದರು. ನನ್ನ ಆತ್ಮವಿಶ್ವಾಸ ಅಷ್ಟು ಎತ್ತರಕ್ಕೆ ಹಿಂದೆಂದೂ ಏರಿರಲಿಲ್ಲ. ಬಂಗುಡೆಯ ದರವೂ ಅಷ್ಟು ಏರಿರಲಿಲ್ಲ! ಆ ಏಲಂ ಕಟ್ಟೆಯಲ್ಲಿ ತಲೆಯಾಡಿಸಿದರೆ 'ಈ ದರಕ್ಕೆ ನನಗಿರಲಿ' ಎಂದರ್ಥ. ಒಂದೇ ಕುಟುಂಬದ ನಾವಿಬ್ಬರು ಒಬ್ಬರ ಮೇಲೊಬ್ಬರು ಸವಾಲು ಹಾಕುತ್ತಿದ್ದೆವು!

ಕೊನೆಗೆ ಇಡೀ ಬುಟ್ಟಿ ನಮ್ಮ ತಲೆಗೇ ಬಿತ್ತು. ಒಬ್ಬ ಮೀನುಗಾರ್ತಿ ಕನಿಕರಪಟ್ಟು ಬುಟ್ಟಿಯ ಬಹುಪಾಲನ್ನು ತಾನೇ ತೆಗೆದುಕೊಂಡಳು. "ಇನ್ನೊಮ್ಮೆ ಬರುವಾಗ ಆ ತಲೆಯನ್ನು ಮನೆಯಲ್ಲಿ ಇಟ್ಟು ಬನ್ನಿ ಅಣ್ಣ" ಎಂದಳು. ಉಳಿದ ಬಂಗುಡೆಯೊಂದಿಗೆ ನಾವು ಬಸ್ಸು ಹತ್ತಿದೆವು. ನಮ್ಮ ಅಕ್ಕಪಕ್ಕದಲ್ಲಿ ಯಾರೂ ಕುಳಿತುಕೊಳ್ಳಲಿಲ್ಲ. "ನೋಡಿದಿಯಾ, ನಮ್ಮ ವ್ಯಕ್ತಿತ್ವಕ್ಕೆ ಜನ ಹೇಗೆ ಜಾಗ ಬಿಡ್ತಾರೆ!" ಎಂದರು ಮಾವ.

ತಿಂಗಳ ಕೊನೆ ಹತ್ತಿರವಾಯಿತು. ಆಸ್ಪತ್ರೆಯಲ್ಲಿ ನಾನು ಬೆನ್ನು ನೇರ ಮಾಡಿ ಕುಳಿತು, ಹೊಟ್ಟೆಯಿಂದ ಮಾತಾಡತೊಡಗಿದ್ದೆ. ಒಂದು ಮಧ್ಯಾಹ್ನ ಉತ್ತರ ಕರ್ನಾಟಕದ ಹೆಂಗಸೊಬ್ಬಳು ಕಿಂಡಿಯ ಎದುರು ಬಂದು ನಿಂತಳು. ಸೀರೆಯ ತುಂಬ ಸಿಮೆಂಟಿನ ಧೂಳು. ನಾನು ಗದ್ದೆಯ ಹುಣಿಯ ಮೇಲಿನ ಸ್ವರದಲ್ಲಿ, "ನಮಸ್ಕಾರ! ನಿಮಗೆ ಏನಾಗಬೇಕು?" ಎಂದೆ.

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಬೈಬ್ಯಾಡ್ರೀ ಅಕ್ಕಾರ. ನಮ್ಮ ಮನಿಯವ್ರು ಕಟ್ಟಡದ ಮ್ಯಾಲಿಂದ ಬಿದ್ದಾರ. ಎಲ್ಲಿ ಒಯ್ದಾರಂತ ತಿಳೀವಲ್ದು."

ಬೆನ್ನು, ಹೊಟ್ಟೆ, ಕಣ್ಣು ಎಲ್ಲ ಮರೆತುಹೋಯಿತು. ಕೌಂಟರಿನಿಂದ ಹೊರಗೆ ಬಂದು ಅವಳ ಕೈ ಹಿಡಿದುಕೊಂಡೆ. ಗಂಡನಿದ್ದ ವಾರ್ಡಿನವರೆಗೂ ಜೊತೆಗೆ ನಡೆದೆ. ಅವನು ಕಣ್ಣು ತೆರೆದು ಅವಳನ್ನು ನೋಡಿದ ಮೇಲೆಯೇ ಹಿಂದಿರುಗಿದೆ. ಬಂದು ನೋಡಿದರೆ ನನ್ನ ಖಾಲಿ ಕುರ್ಚಿಯ ಪಕ್ಕದಲ್ಲಿ ಮೇಡಂ ನಿಂತಿದ್ದರು. ಗಡಿಯಾರ ನೋಡಿ ತಮ್ಮ ಕೋಣೆಗೆ ಹೋದರು. ನನ್ನ ಕಥೆ ಮುಗಿಯಿತು ಎಂದು ಆ ಸಂಜೆ ಮನೆಯಲ್ಲಿ ಹೇಳಿಬಿಟ್ಟೆ. ಮಾವ ಕುಡಿಯುತ್ತಿದ್ದ ಚಹಾವನ್ನು ಅರ್ಧಕ್ಕೇ ಬಿಟ್ಟು, ಎದ್ದು ತಮ್ಮ ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಮೇಡಂ ಕರೆದರು. "ನಿನ್ನ ಸ್ವರ ಈಗ ಕೇಳ್ತದೆ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಕೇಳ್ತದೆ. ಇನ್ನು ಮುಂದೆ ಕೌಂಟರ್ ಬಿಟ್ಟು ಹೋಗುವಾಗ ಪಕ್ಕದವರಿಗೆ ಹೇಳಿ ಹೋಗು. ನಿನ್ನನ್ನು ಕಾಯಂ ಮಾಡಿದ್ದೇನೆ."

ಹಾರಿಕೊಂಡು ಬಂದು ಕುರ್ಚಿಯಲ್ಲಿ ಕುಳಿತೆ. ಸ್ವಲ್ಪ ಹೊತ್ತಿಗೆ ಮೇಡಂ ಕೋಣೆಯ ಗಾಜಿನಾಚೆ ಸಫಾರಿ ಸೂಟೊಂದು ಕಾಣಿಸಿತು. ಮಾವ! ಹೇಳದೆ ಕೇಳದೆ ಇನ್ನಂಜೆಯಿಂದ ಬಂದಿದ್ದರು. ಒಳಗಿನ ಮಾತು ನನಗೆ ಕೇಳಿಸುತ್ತಿರಲಿಲ್ಲ. ಆದರೆ ಮೈಯ ಮಾತನ್ನು ಓದಲು ಅವರೇ ಕಲಿಸಿದ್ದರಲ್ಲ! ಕುರ್ಚಿ ತೋರಿಸಿದರೂ ಕುಳಿತಿರಲಿಲ್ಲ. ಭುಜ ಇಳಿದಿತ್ತು. ಕಣ್ಣು ನೆಲದ ಮೇಲಿತ್ತು. ಎರಡೂ ಕೈ ಜೋಡಿಸಿ, ಬೆನ್ನು ಬಗ್ಗಿಸಿ, ಮಾವ ಬೇಡಿಕೊಳ್ಳುತ್ತಿದ್ದರು. ಮೇಡಂ ಏನೋ ಹೇಳಲು ಕೈಯೆತ್ತಿದರೆ ಇವರು ಇನ್ನಷ್ಟು ಬಗ್ಗಿದರು.

ಕೊನೆಗೆ ಮೇಡಂ ನಗುತ್ತಾ ವಿಷಯ ಹೇಳಿರಬೇಕು. ಮಾವ ಕರ್ಚೀಫು ತೆಗೆದು ಮುಖವನ್ನೆಲ್ಲ ಒರೆಸಿಕೊಂಡರು. ಬಾಗಿಲ ಬಳಿ ನಿಂತು ಅಂಗಿ ಜಗ್ಗಿಕೊಂಡರು, ಎದೆಯುಬ್ಬಿಸಿದರು, ಗದ್ದ ಎತ್ತಿದರು. ನಾನು ಬೇಗ ತಲೆ ತಗ್ಗಿಸಿ ಕಾಗದ ಹುಡುಕುವವಳಂತೆ ನಟಿಸಿದೆ.

"ಎಂತ ಮಾರಾಯ್ತಿ!" ಇಡೀ ಹಾಲ್ ತಿರುಗಿ ನೋಡುವ ಸ್ವರ. "ಕೆಲಸ ಕಾಯಂ ಆದ ಹುಡುಗಿ ಹೀಗೆ ಗೂನು ಬೆನ್ನು ಮಾಡಿ ಕೂತುಕೊಳ್ಳುದಾ? ನಿನ್ನ ಮಾವ ಯಾರ ಮುಂದಾದರೂ ಬೆನ್ನು ಬಗ್ಗಿಸಿದ್ದನ್ನು ನೋಡಿದ್ದುಂಟಾ ನೀನು?"

"ಇಲ್ಲ ಮಾವ" ಎಂದೆ. ಸ್ವರ ಗಾಜಿನ ಕಿಂಡಿಯವರೆಗೆ ಹೋಗಿ ನನ್ನ ಬಳಿಗೇ ಮರಳಿತು.

"ಕೇಳಿಸ್ಲಿಲ್ಲ!"

ನಾನು ಎದ್ದು ನಿಂತೆ. ಬೆನ್ನು ನೇರ ಮಾಡಿ, ಅವರ ಕೆಂಪಾದ ಕಣ್ಣುಗಳಲ್ಲಿ ಕಣ್ಣಿಟ್ಟು, ಹೊಟ್ಟೆಯಿಂದ ಕೂಗಿದೆ: "ಇಲ್ಲ ಮಾವ! ನೋಡ್ಲೇ ಇಲ್ಲ!"