ಅಗಲ್ಪಾಡಿಯಲ್ಲಿ ಒಂದಡಿ ಹಿಮ

ಅಗಲ್ಪಾಡಿಯ ಮಹಾಬಲನ ಮನೆಯ ಹಿಂದಿನ ಗುಡ್ಡ ಮಳೆಗೊಂದು ಮೊಳದಂತೆ ದನದ ಹಟ್ಟಿಯ ಕಡೆಗೆ ನಡೆದು ಬರುತ್ತಿತ್ತು. ಇಳಿಜಾರಿನಲ್ಲಿ ನೆಟ್ಟ ಬಾಳೆಯ ಎರಡು ಸಾಲು ಆಗಲೇ ದನದ ಬಾಯಿಗೆ ಎಟಕುವಷ್ಟು ಕೆಳಗೆ ಬಂದಿತ್ತು. ಸರಕಾರ ತಡೆಗೋಡೆ ಕಟ್ಟಿಕೊಡುತ್ತದಂತೆ. ಆದರೆ ಮಣ್ಣು ಎಷ್ಟು ಕೊಚ್ಚಿಹೋದೀತೆಂದು ಕೃಷಿ ಇಲಾಖೆಯ ಆ್ಯಪ್ ಮೊದಲು ಭವಿಷ್ಯ ಹೇಳಬೇಕು. ಅರ್ಜಿಗೆ ಅಂದೇ ಕೊನೆಯ ದಿನ.

ಬದಿಯಡ್ಕದ ಕಚೇರಿಯಲ್ಲಿ ಸಹಾಯಕ ಸುಕುಮಾರ ಆ್ಯಪಿನ ಹನ್ನೊಂದನೆಯ ಪ್ರಶ್ನೆಗೆ ಬಂದು ನಿಂತ.

"ನಿಮ್ಮಲ್ಲಿ ಹಿಮ ಎಷ್ಟು ಬೀಳ್ತದೆ?"

"ಎಂತ?"

"ಹಿಮ. ಅದು ಕರಗಿದ ನೀರಿಗೆ ಮಣ್ಣು ಎಷ್ಟು ಹೋಗ್ತದೆ ಅಂತ ಲೆಕ್ಕ ಹಾಕ್ಲಿಕ್ಕೆ."

"ಸೊನ್ನೆ ಹಾಕಿ ಸಾರ್."

"ಸೊನ್ನೆ ತಗೊಳ್ಳುದಿಲ್ಲ. ಒಂದಡಿಯಾದ್ರೂ ಬೇಕು. ಸ್ಕೇಲಿಟ್ಟು ತೆಗ್ದ ಫೋಟೊ, ಮೂರು ಗಂಟೆಯೊಳಗೆ."

"ಮಳೆ ಎಷ್ಟು ಅಂತ ಕೇಳುದಿಲ್ವಾ?"

"ಅದು ಇಪ್ಪತ್ತೆರಡನೇ ಪ್ರಶ್ನೆ. ಹಿಮ ತುಂಬಿಸದೆ ಅಲ್ಲಿಗೆ ಬಿಡುದಿಲ್ಲ."

ಯಾವುದೋ ಚಳಿದೇಶದ ಗೋದಿಹೊಲಕ್ಕೆ ಹೊಲಿದ ಆ್ಯಪೆಂಬ ಕೋಟನ್ನು ಕಾಸರಗೋಡಿನ ಮೈಗೆ ತೊಡಿಸಿದ ಮೇಲಿನವರು ಎಸಿಯ ಬುಡದಲ್ಲಿ ಕೂತಿದ್ದರು. ಬೆವರುವ ಕೆಲಸ ಮಹಾಬಲನದು.

ಜೊತೆಗೆ ಬಂದಿದ್ದ ನೆರೆಮನೆಯ ಕಿಟ್ಟಣ್ಣ ಎಲ್ಲ ಅರ್ಜಿಗಳ ಅಡ್ಡದಾರಿ ಬಲ್ಲವನು. "ಹಿಮಕ್ಕೆ ಕಾಶ್ಮೀರಕ್ಕೆ ಹೋಗ್ಬೇಕಾ ಮಾರಾಯ? ಮೀನಿನವನ ಸ್ಕೂಟರಿನಲ್ಲಿ ಉಂಟಲ್ಲ."

ಮೀನಿನವನ ಎರಡು ಪೆಟ್ಟಿಗೆ ಐಸು ಮನೆಯ ಹಿಂದಿನ ಇಳಿಜಾರಿನಲ್ಲಿ ಗುಡ್ಡೆಯಾಯಿತು. ಊರಿನ ಬೆಕ್ಕುಗಳು ಸರ್ವೆಗೆ ಬಂದ ಅಧಿಕಾರಿಗಳಂತೆ ಗಂಭೀರವಾಗಿ ಸುತ್ತ ಕೂತವು.

"ಗೋಡೆ ಕಟ್ಟುವವರಿಗೆ ಬೂತಾಯಿ ಮೀನಿನ ನೀರು ಎಂತಕ್ಕೆ?" ಎಂದಳು ಹೆಂಡತಿ ಪಂಕಜಾಕ್ಷಿ, ಮೂಗು ಮುಚ್ಚಿಕೊಂಡು.

"ಹಿಮ ಅದು. ನೀನು ಬೆಕ್ಕು ಓಡ್ಸು, ಫೋಟೊದಲ್ಲಿ ಬರ್ತದೆ."

ಮೂರಕ್ಕೆ ಐದು ನಿಮಿಷ ಇರುವಾಗ ಆ್ಯಪ್ ಫೋಟೊ ನುಂಗಿತು. ಕಚೇರಿಯಲ್ಲಿ ಸುಕುಮಾರ ಫಲವನ್ನು ಮುದ್ರಿಸಿ, ಸೀಲು ಹೊಡೆದು, ಮಂಗಳಾರತಿ ಕೊಡುವ ಭಟ್ಟರ ಮುಖ ಮಾಡಿ ಓದಿದ: "ಭೂಮಿಗೆ ಒಂದಡಿ ಹಿಮದ ಹೊದಿಕೆ ಇರುವುದರಿಂದ ಮಳೆಹನಿ ಮಣ್ಣಿಗೆ ತಾಗುವುದಿಲ್ಲ. ಸವಕಳಿ ಸಾಧ್ಯತೆ ಇಲ್ಲ. ತಡೆಗೋಡೆ ಅನಗತ್ಯ."

"ಇದನ್ನು ಅಳಿಸಿ ಸಾರ್."

"ಸರಕಾರದ ಭವಿಷ್ಯ ಅಳಿಸ್ಲಿಕ್ಕೆ ಬರುದಿಲ್ಲ. ನಿಮಗೆ ಒಳ್ಳೇದೇ ಆಯ್ತಲ್ಲ, ಇನ್ನು ಹೆದರಿಕೆ ಇಲ್ಲ."

ಸಂಜೆ ಐದರ ಮಳೆ ಆ ಕಾಗದ ಓದಿರಲಿಲ್ಲ. ಪಂಕಜಾಕ್ಷಿ ದನದ ಹಗ್ಗ ಬಿಚ್ಚಿ ಅಂಗಳಕ್ಕೆ ಎಳೆದದ್ದೇ ತಡ, ಗುಡ್ಡದ ಅರ್ಧ ಹಟ್ಟಿಯೊಳಗೆ ಬಂದು ಕೂತಿತು.

ಸುದ್ದಿ ತಿಳಿದು ವಿಲೇಜ್ ಆಫೀಸರ್ ವಸುಮತಿ ಜೀಪಿನಲ್ಲಿ ಬಂದಳು. ಈಗಾದರೂ ಗೋಡೆ ಸಿಕ್ಕೀತೆಂದು ಮಹಾಬಲನಿಗೆ ಹೋದ ಜೀವ ಬಂದಂತಾಯಿತು. ಆಕೆ ಕಾಗದಪತ್ರ ಕೇಳಿದಳು. ಇದ್ದದ್ದು ಸೀಲು ಹೊಡೆದ ಆ ಕಾಗದವೊಂದೇ, ಕೊಟ್ಟ.

"ಇದ್ರಲ್ಲಿ ಮಣ್ಣು ಜರಿಯುದಿಲ್ಲ ಅಂತ ಉಂಟು."

"ಜರಿದದ್ದು ಕಾಣ್ತದಲ್ಲ ಮೇಡಂ."

"ಮಣ್ಣು ಕಾಣ್ತದೆ. ತನ್ನಷ್ಟಕ್ಕೆ ಬರ್ಲಿಕ್ಕೆ ಸಾಧ್ಯ ಇಲ್ಲ ಅಂತ ಸೀಲು ಉಂಟು. ಹಾಗಾದ್ರೆ ತೆಗ್ದದ್ದು ನೀವೇ."

ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಆಕೆ ನೋಟೀಸು ಬರೆದಳು: ಪರವಾನಗಿ ಇಲ್ಲದೆ ಗುಡ್ಡ ಅಗೆದು ಮಣ್ಣು ಸಾಗಿಸಿದ ಮಹಾಬಲ, ಏಳು ದಿನದೊಳಗೆ ಸದರಿ ಮಣ್ಣನ್ನು ಗುಡ್ಡದ ಮೇಲೆ ಮೊದಲಿದ್ದಂತೆಯೇ ಇಡತಕ್ಕದ್ದು.